ಅಡಿಕೆ ಸಿಪ್ಪೆ, ಮ್ಯಾಂಗನೀಸ್ ಮತ್ತು ಸೂಪರ್‌ಕೆಪಾಸಿಟರ್: ಒಂದು ಚಾರಿತ್ರಿಕ ಅವಲೋಕನ

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಅನಂತರ ಪ್ರತ್ಯೇಕ ತಾಲ್ಲೂಕಾಯಿತು. ಮೊದಲಿನ ಸೀಮೆಯಲ್ಲಿ ಅಡಿಕೆ, ಜಗಳೂರಿನಲ್ಲಿ ಮೆಕ್ಕೆಜೋಳ ಮುಖ್ಯ ಬೆಳೆಗಳು. ಸುಲಿದ ಅಡಿಕೆಯ ಸಿಪ್ಪೆ ರಸ್ತೆಬದಿಯಲ್ಲಿ ರಾಶಿಬಿದ್ದು ಹೊಗೆಯಾಡುವುದು ಇಲ್ಲಿ ಪರಿಚಿತ ದೃಶ್ಯ. ಈ ಶೇಷವಸ್ತುವಿಗೂ ಸೂಪರ್‌ಕೆಪಾಸಿಟರಿನ ವಿದ್ಯುದ್ವಾರಕ್ಕೂ ಇರುವ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿದ್ಯುತ್ತನ್ನು ಕ್ಷಣಮಾತ್ರದಲ್ಲಿ ತುಂಬಿಕೊಂಡು ಅಷ್ಟೇ ಬೇಗ ಬಿಟ್ಟುಕೊಡುವ ಈ ಸಾಧನದ ಮೊದಲ ಪೇಟೆಂಟನ್ನು 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಚ್. ಐ. ಬೆಕರ್ ಪಡೆದರು. ಅವರು ಬಳಸಿದ್ದು ರಂಧ್ರಮಯ ಇಂಗಾಲವನ್ನು. ಚೆನ್ನಾಗಿ ಸಂಸ್ಕರಿಸಿದ ಒಂದು ಗ್ರಾಂ ಇಂಗಾಲದ ಒಳಮೈ 1000 ಚದರ ಮೀಟರನ್ನು, ಅಂದರೆ ಸುಮಾರು ಹತ್ತು ಗುಂಟೆ ನೆಲವನ್ನು ಮೀರುತ್ತದೆ. ವಿದ್ಯುದಾವೇಶ ನೆಲೆಸುವುದು ಈ ಮೇಲ್ಮೈಯಲ್ಲಿ. 1971ರಲ್ಲಿ ಟ್ರಸಾಟಿ ಮತ್ತು ಬುಜಾಂಕ ರುಥೇನಿಯಂ ಡೈಆಕ್ಸೈಡಿನಲ್ಲಿ ಇದೇ ಬಗೆಯ ವರ್ತನೆಯನ್ನು ಗುರುತಿಸಿದರು. ಅದು ದುಬಾರಿ ಲೋಹವಾದುದರಿಂದ 1999ರಲ್ಲಿ ಲೀ ಮತ್ತು ಗುಡ್‌ಇನಫ್ ತೋರಿಸಿದ ಅಗ್ಗದ ಮ್ಯಾಂಗನೀಸ್ ಡೈಆಕ್ಸೈಡಿನ ಮಾರ್ಗ ಮಹತ್ವ ಪಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಮುನಿಚಂದ್ರಯ್ಯ ಮತ್ತು ಸಹೋದ್ಯೋಗಿಗಳು 2000ದ ದಶಕದಲ್ಲಿ ಈ ಆಕ್ಸೈಡನ್ನು ಕುರಿತು ಗಮನಾರ್ಹ ಅಧ್ಯಯನ ನಡೆಸಿದರು.

ಆದರೆ ಮ್ಯಾಂಗನೀಸ್ ಡೈಆಕ್ಸೈಡು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದಿಲ್ಲ. ಇಂಗಾಲ ಹರಿಯಗೊಡುತ್ತದೆ, ಆದರೆ ಅದರ ಸಂಗ್ರಹಶಕ್ತಿ ಮಿತವಾದುದು. ಎರಡನ್ನೂ ಕೂಡಿಸಿದ ಸಂಮಿಶ್ರ ವಿದ್ಯುದ್ವಾರದ ಹುಟ್ಟಿಗೆ ಕಾರಣ ಇದೇ. ಸಿಪ್ಪೆಯನ್ನಾಗಲಿ ಮೆಕ್ಕೆಜೋಳದ ದಿಂಡನ್ನಾಗಲಿ ಗಾಳಿಯ ಸೋಂಕಿಲ್ಲದೆ ಕಾಯಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನೊಡನೆ ಮತ್ತೆ ಕಾಯಿಸಿದರೆ ಸೂಕ್ಷ್ಮರಂಧ್ರಗಳು ತೆರೆಯುತ್ತವೆ. ಆ ಇಂಗಾಲವನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದಲ್ಲಿ ನೆನೆಸಿದಾಗ ಇಂಗಾಲವೇ ಅದನ್ನು ಅಪಕರ್ಷಿಸಿ, ತನ್ನ ಮೈಮೇಲೆ ಆಕ್ಸೈಡಿನ ತೆಳುಪದರವನ್ನು ಪಡೆಯುತ್ತದೆ. ಪದರ ದಪ್ಪವಾದರೆ ರಂಧ್ರಗಳು ಮುಚ್ಚಿ, ಕೂಡಿಸಿದ ಉದ್ದೇಶವೇ ಕೆಡುತ್ತದೆ.

ಇಲ್ಲೊಂದು ಚಾರಿತ್ರಿಕ ಎಚ್ಚರ ಅಗತ್ಯ. 20ನೆಯ ಶತಮಾನದ ಆರಂಭದಲ್ಲಿ ಈ ಸೀಮೆಗೆ ಹೊಂದಿಕೊಂಡ ಕುಂಸಿಯ ಮ್ಯಾಂಗನೀಸ್ ಅದಿರು ಹೊರಗಿನ ಉಕ್ಕಿನ ಉದ್ಯಮಕ್ಕಾಗಿ ಸಾಗಿತು. ಎಲ್. ಎಲ್. ಫರ್ಮರ್ ಅವರ 1909ರ ಬೃಹತ್ ವರದಿಯಲ್ಲಿ ಮೈಸೂರು ಸಂಸ್ಥಾನದ ನಿಕ್ಷೇಪಗಳು ದಾಖಲಾದವು. ನೆಲದ ವಸ್ತು ಪರರ ಕುಲುಮೆ ಸೇರಿತು. ಅದನ್ನು ಪರಿಷ್ಕರಿಸುವ ವಿದ್ಯೆ ಊರಿನಲ್ಲಿ ಬೇರೂರಲಿಲ್ಲ. ಸಿಪ್ಪೆಯ ವಿಷಯದಲ್ಲಿಯೂ ಹಾಗಾಗಬಾರದು. ಅಡಿಕೆ, ಮೆಕ್ಕೆಜೋಳಗಳ ಶೇಷದಿಂದ ಪಡೆದ ಇಂಗಾಲದ ಬಗೆಗೆ ಪ್ರಬಂಧಗಳು ಪ್ರಕಟವಾಗಿವೆ. ಆದರೆ ಕೆಲವೇ ಮಿಲಿಗ್ರಾಂ ವಸ್ತುವಿನಿಂದ ದೊರೆತ ಉನ್ನತ ಅಂಕಿ ದಪ್ಪ ವಿದ್ಯುದ್ವಾರದಲ್ಲಿ ಉಳಿಯುವುದಿಲ್ಲ. 2009ರಲ್ಲಿ ಸ್ಥಾಪನೆಗೊಂಡ ದಾವಣಗೆರೆ ವಿಶ್ವವಿದ್ಯಾನಿಲಯವು ಈಗ ಸಮೀಪದಲ್ಲಿಯೇ ಇದೆ. ತಾಲ್ಲೂಕುವಾರು ಸಿಪ್ಪೆಯ ಬೂದಿಯಂಶ, ಇಂಗಾಲದ ಇಳುವರಿ, ಸಾವಿರಾರು ಆವರ್ತಗಳ ಬಾಳಿಕೆ ಇವುಗಳನ್ನು ಅಳೆದು ದಾಖಲಿಸುವುದು ಮುಂದಿನ ಸಂಶೋಧಕರ ಮೊದಲ ಕರ್ತವ್ಯವಾಗಿದೆ.