27ರಲ್ಲಿ 12 ಸಾಕಾಗಲಿಲ್ಲ: ಒಂದು ಕಣದ ಕಥೆ

ಪ್ರೋಟಾನ್ ಎಂದರೆ ಪರಮಾಣುವಿನ ನಡುವೆ ಇರುವ ಪುಟ್ಟ ಕಣ. ಅದನ್ನು ಭಾರಿ ವೇಗದಲ್ಲಿ ಓಡಿಸಿ ಡಿಕ್ಕಿ ಹೊಡೆಸಿದರೆ ಬೇರೆ ಕಣಗಳು ಹುಟ್ಟುತ್ತವೆ. ಹೆಚ್ಚಿನವು ಗೊತ್ತಿರುವ ಕಣಗಳೇ. ಹೊಸದು ಹುಟ್ಟುವುದು ಬಲು ಅಪರೂಪ, ಹುಟ್ಟಿದರೂ ಆ ಕ್ಷಣವೇ ಒಡೆದುಹೋಗುತ್ತದೆ. ಹಾಗಾದರೆ ಅದು ಹುಟ್ಟಿತ್ತು ಎಂದು ಹೇಳುವುದು ಹೇಗೆ?

ಒಡೆದಾಗ ಹೊರಬರುವ ಎರಡು ಕಣಗಳನ್ನು ಹಿಡಿದು, ಅವುಗಳ ಶಕ್ತಿ ಮತ್ತು ದಿಕ್ಕು ಅಳೆದು, ತಾಯಿ ಕಣದ ತೂಕ ಲೆಕ್ಕ ಹಾಕುತ್ತಾರೆ. ಈ ತೂಕದ ಮಾನ ಜಿಇವಿ. ಒಂದು ಪ್ರೋಟಾನ್ ಸುಮಾರು 1 ಜಿಇವಿ ತೂಗುತ್ತದೆ. ಒಂದೇ ತೂಕದ ಹತ್ತಿರ ಲೆಕ್ಕಗಳು ಗುಂಪುಗೂಡಿದರೆ, ಅಲ್ಲಿ ಹೊಸ ಕಣ ಇರಬಹುದು.

1976ರಲ್ಲಿ ಅಮೆರಿಕದ ಶಿಕಾಗೊ ಹತ್ತಿರದ ಫರ್ಮಿಲ್ಯಾಬ್‌ನಲ್ಲಿ ಲಿಯಾನ್ ಲೆಡರ್‌ಮನ್ ತಂಡ 400 ಜಿಇವಿ ಶಕ್ತಿಯ ಪ್ರೋಟಾನ್‌ಗಳನ್ನು ಬೆರಿಲಿಯಂ ಲೋಹಕ್ಕೆ ಬಡಿಸಿತು. 5.5ರಿಂದ 10 ಜಿಇವಿ ನಡುವೆ ಸಿಕ್ಕಿದ್ದು ಬರೀ 27 ಜೋಡಿ. ಅದರಲ್ಲಿ 12 ಜೋಡಿ 6 ಜಿಇವಿ ಸುತ್ತಲೇ ಇದ್ದವು. ಹೊಸ ಕಣವಿರಬಹುದು ಎಂದು ಪ್ರಕಟಿಸಿದರು, ಉಪ್ಸಿಲಾನ್ ಎಂಬ ಹೆಸರನ್ನೂ ಸೂಚಿಸಿದರು. ಇದು ಆಕಸ್ಮಿಕ ಆಗಿರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ ಎಂದು ಅವರ ಲೆಕ್ಕ.

ರಾಗಿ ಚೆಲ್ಲಿ ಬಿತ್ತಿದವರಿಗೆ ಗೊತ್ತು: ಕೆಲವು ಕಡೆ ಪೈರು ಒತ್ತಾಗಿ ಬರುತ್ತದೆ. ಅಲ್ಲಿನ ಮಣ್ಣು ಬೇರೆ ಅಂತಲ್ಲ, ಕಾಳು ಹಾಗೆ ಬಿದ್ದಿರುತ್ತವೆ, ಅಷ್ಟೇ. ಆ 12 ಜೋಡಿಯೂ ಹಾಗೇ ಬಿದ್ದಿದ್ದವು. ಇನ್ನಷ್ಟು ಎಣಿಸಿದಾಗ ಗುಂಪು ಕರಗಿತು. ಜೊತೆಯವರು ಆ ಕಣಕ್ಕೆ 'ಊಪ್ಸ್-ಲಿಯಾನ್', ಅಂದರೆ 'ಅಯ್ಯೋ ಲಿಯಾನ್' ಎಂದು ತಮಾಷೆಯ ಹೆಸರಿಟ್ಟರು.

ತಂಡ ಕೈಬಿಡಲಿಲ್ಲ. ಎಲೆಕ್ಟ್ರಾನ್ ಬದಲು ಮ್ಯೂಆನ್ ಜೋಡಿಗಳನ್ನು ಎಣಿಸಲು ಹೊರಟಿತು. ದಪ್ಪ ತಡೆ ಇಟ್ಟರೆ ಬೇರೆ ಕಣಗಳು ಅದರಲ್ಲೇ ನಿಲ್ಲುತ್ತವೆ, ಮ್ಯೂಆನ್ ತೂರಿ ಬರುತ್ತದೆ. ಹೀಗಾಗಿ ಇನ್ನೂ ಹೆಚ್ಚು ಪ್ರೋಟಾನ್ ಬಡಿಸಬಹುದಿತ್ತು. 1977ರ ಮೇ ತಿಂಗಳಲ್ಲಿ ಬೆಂಕಿ ಬಿದ್ದು ಉಪಕರಣಗಳು ಕೆಟ್ಟವು. ಅವನ್ನು ತೊಳೆದು ಸರಿಮಾಡಿ ಮತ್ತೆ ಶುರುಮಾಡಿದರು. ಈ ಸಲ 5 ಜಿಇವಿಗಿಂತ ತೂಕದ ಜೋಡಿಗಳೇ ಸುಮಾರು 9,000. 9.5 ಜಿಇವಿ ಹತ್ತಿರ ಸ್ಪಷ್ಟ ಗುಂಪು ಕಂಡಿತು. ಎಣಿಸುತ್ತಾ ಹೋದಂತೆ ಅದು ಬೆಳೆಯಿತೇ ಹೊರತು ಕರಗಲಿಲ್ಲ. ಉಪ್ಸಿಲಾನ್ ಹೆಸರು ಈ ಕಣಕ್ಕೆ ಹೋಯಿತು. ಬಾಟಮ್ ಎಂಬ ಐದನೇ ಕ್ವಾರ್ಕ್ ಇದೆ ಎಂದು ಜಗತ್ತಿಗೆ ತಿಳಿದದ್ದು ಇದರಿಂದಲೇ. ಕ್ವಾರ್ಕ್ ಆರು ಇರಬಹುದು ಎಂದು ಜಪಾನಿನ ಕೊಬಯಾಶಿ ಮತ್ತು ಮಸ್ಕಾವಾ 1973ರಲ್ಲೇ ಹೇಳಿದ್ದರು. ಆರನೆಯದು 1995ರಲ್ಲಿ ಇದೇ ಫರ್ಮಿಲ್ಯಾಬ್‌ನಲ್ಲಿ ಸಿಕ್ಕಿತು.

ಇಂದು ಈ ಕ್ಷೇತ್ರದಲ್ಲಿ ನೂರಕ್ಕೆ ಎರಡು ಎಂದರೆ ಯಾರೂ ಒಪ್ಪುವುದಿಲ್ಲ. ಹೊಸ ಕಣವೇ ಇಲ್ಲದೆ ಅಂಥ ಗುಂಪು ಬೀಳುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದಕ್ಕಿಂತ ಹೆಚ್ಚಿರಬಾರದು. 2012ರಲ್ಲಿ ಹಿಗ್ಸ್ ಕಣವನ್ನು ಘೋಷಿಸಿದ್ದು ಈ ಗೆರೆ ಮುಟ್ಟಿದ ಮೇಲೆಯೇ. ಹಾಗಾಗಿ 'ಹೊಸ ಕಣ ಸಿಕ್ಕಿತು' ಎಂಬ ಸುದ್ದಿ ನಿಮ್ಮ ಫೋನಿಗೆ ಬಂದರೆ, ಎಷ್ಟು ಎಣಿಸಿದ್ದಾರೆ ಎಂದು ಮೊದಲು ನೋಡಿ. ನಾವೂ ಅದನ್ನೇ ಹುಡುಕುತ್ತೇವೆ.