ಅಂಗಳಕ್ಕೆ ಬಂದ ಗರಿಕೆ

ಮನೆಯ ಮುಂದೆ ಹುಲ್ಲು ಬೆಳೆದಿದೆಯೆಂದರೆ ನಮ್ಮ ಹಿರಿಯರ ಎಣಿಕೆಯಲ್ಲಿ ಅದು ಸಿರಿಯ ಗುರುತಲ್ಲ. ಆ ಮನೆಯಲ್ಲಿ ಜನರಿಲ್ಲವೆಂಬುದರ ಗುರುತು. ಬೆಳಗಾಗೆದ್ದು ಕಸ ಗುಡಿಸಿ, ಸಗಣಿ ನೀರಿನಿಂದ ಸಾರಿಸಿ, ರಂಗೋಲಿಯಿಟ್ಟ ಅಂಗಳವೇ ಅಂದವಾದ ಅಂಗಳ. ಅಲ್ಲಿ ಒಂದು ಎಸಳು ಹುಲ್ಲು ತಲೆಯೆತ್ತಿದರೂ ಕಿತ್ತುಹಾಕುತ್ತಿದ್ದರು. ಹಾವು ಚೇಳುಗಳು ಕಣ್ಣಿಗೆ ಬೀಳಬೇಕಾದರೆ ನೆಲ ಬೋಳಾಗಿರಬೇಕೆಂಬ ವಿವೇಕವೂ ಇದರಲ್ಲಿ ಸೇರಿತ್ತು. ಅಂಥ ನಾಡಿನಲ್ಲಿ ಇಂದು ಮನೆಯ ಮುಂದೊಂದು ಹಸುರು ಹಾಸು ಬೇಕೆಂದು ಹಣವನ್ನೂ ನೀರನ್ನೂ ಸುರಿಯುವವರಿದ್ದಾರೆ. ಈ ಬದಲಾವಣೆ ಹೇಗಾಯಿತೆಂಬುದು ಬೆಂಗಳೂರಿನ ಚರಿತ್ರೆಯಲ್ಲಿ ಒಂದು ಸಣ್ಣ ಅಧ್ಯಾಯ. ಆದರೆ ನೀರಿನ ಲೆಕ್ಕದಲ್ಲಿ ಅಷ್ಟು ಸಣ್ಣದಲ್ಲ.

ಹುಲ್ಲುಹಾಸು ಇಂಗ್ಲೆಂಡಿನ ಹವೆಯ ಕೂಸು. ಅಲ್ಲಿ ವರ್ಷದ ಎಲ್ಲ ತಿಂಗಳಲ್ಲಿಯೂ ಅಷ್ಟಿಷ್ಟು ಮಳೆ, ಬಿಸಿಲು ಮೃದು. ಹುಲ್ಲು ತಾನಾಗಿಯೇ ಬೆಳೆಯುತ್ತದೆ. ಅದನ್ನು ಕತ್ತರಿಸುವುದೇ ಮನುಷ್ಯನ ಪಾಲಿನ ಕೆಲಸ. ಬಹುಕಾಲ ಈ ಕೆಲಸ ಕುರಿಗಳಿಗೂ ಕುಡುಗೋಲಿನ ಆಳುಗಳಿಗೂ ಸೇರಿತ್ತು. ಆದ್ದರಿಂದ ಹುಲ್ಲುಹಾಸು ಶ್ರೀಮಂತರ ಸೊತ್ತಾಗಿತ್ತು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ, ಗಿರಣಿಯಲ್ಲಿ ಉಣ್ಣೆಯ ಬಟ್ಟೆಯ ಜುಂಗನ್ನು ಸವರುವ ಯಂತ್ರದಿಂದ ಉಪಾಯ ಪಡೆದು, ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದನು. ಅಲ್ಲಿಂದ ಮುಂದೆ ಮಧ್ಯಮ ವರ್ಗದ ಮನೆಗಳಿಗೂ ಹುಲ್ಲುಹಾಸು ಎಟುಕಿತು.

ಇಂಗ್ಲಿಷರು ಈ ಅಭಿರುಚಿಯನ್ನು ಹೋದ ಕಡೆಗೆಲ್ಲ ಹೊತ್ತುಕೊಂಡು ಹೋದರು. 1809ರಲ್ಲಿ ಅವರ ಸೈನ್ಯ ಶ್ರೀರಂಗಪಟ್ಟಣದ ಮಲೇರಿಯಕ್ಕೆ ಬೇಸತ್ತು ಬೆಂಗಳೂರಿಗೆ ಬಂದು ದಂಡುಪ್ರದೇಶವನ್ನು ಕಟ್ಟಿತು. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ ಈ ಊರಿನ ತಂಪು ಅವರಿಗೆ ತವರನ್ನು ನೆನಪಿಗೆ ತಂದಿತು. ವಿಶಾಲವಾದ ಕಾಂಪೌಂಡು, ನಡುವೆ ಬಂಗಲೆ, ಬಂಗಲೆಯ ಮುಂದೆ ಹುಲ್ಲು: ಇದು ದಂಡಿನ ಮಾದರಿಯಾಯಿತು. ಆದರೆ ತಂಪು ಬೇರೆ, ತೇವ ಬೇರೆ. ಬೆಂಗಳೂರಿನ ಮಳೆಯ ಬಹುಭಾಗ ಮೇ ತಿಂಗಳಿಂದ ಅಕ್ಟೋಬರಿನೊಳಗೆ ಬಿದ್ದು ಹೋಗುತ್ತದೆ. ಜನವರಿಯಿಂದ ಮಾರ್ಚಿಯವರೆಗೆ ಹನಿ ಬೀಳುವುದೇ ಅಪರೂಪ. ಶೀತದೇಶದ ಹುಲ್ಲುಗಳಿಗೆ ಈ ನೆಲ ಒಗ್ಗಲಿಲ್ಲ.

ಆಗ ಅವರ ಕೈಹಿಡಿದದ್ದು ನಮ್ಮ ಗರಿಕೆ. ಉತ್ತರದವರು ದೂಬ್ ಎನ್ನುವುದೂ, ಸಂಸ್ಕೃತದ ದೂರ್ವೆಯೂ, ಅಮೆರಿಕದವರು ಬರ್ಮುಡ ಹುಲ್ಲು ಎನ್ನುವುದೂ ಇದನ್ನೇ. ಗೆಣ್ಣು ಗೆಣ್ಣಿನಲ್ಲಿಯೂ ಬೇರೂರಿ ಹಬ್ಬುವ ಇದರ ಗುಣವನ್ನು ವೇದಕಾಲದವರೇ ಕಂಡು ಹೊಗಳಿದ್ದಾರೆ. ಅದೇ ಗುಣಕ್ಕಾಗಿ ಹೊಲದ ರೈತ ಇದನ್ನು ಶಪಿಸುತ್ತಾನೆ. ನೆಲದ ಮೇಲೆ ಹರಿದಾಡುವ ಬಳ್ಳಿಗಳಲ್ಲದೆ ನೆಲದೊಳಗೂ ಗೆಡ್ಡೆಯಂಥ ಕಾಂಡಗಳನ್ನು ಅಡಗಿಸಿಟ್ಟುಕೊಂಡಿರುವುದರಿಂದ ಎಷ್ಟು ಕಿತ್ತರೂ ಅದು ಸಾಯದು. ನಮ್ಮ ಮಾಲಿಗಳು ಇದನ್ನು ನೆಡುವ ರೀತಿಯೂ ಸೊಗಸಾದುದು. ಗರಿಕೆಯನ್ನು ತುಂಡು ತುಂಡಾಗಿ ಕತ್ತರಿಸಿ, ಮಣ್ಣು ಸಗಣಿಗಳೊಂದಿಗೆ ಕಲಸಿ, ಹದಮಾಡಿದ ನೆಲದ ಮೇಲೆ ಗಾರೆಯಂತೆ ಬಳಿಯುತ್ತಾರೆ. ಅಂಗಳವನ್ನು ಸಾರಿಸುವ ಕೈಗೆ ಇದು ತೀರ ಹೊಸ ವಿದ್ಯೆಯೇನಲ್ಲ. ಹೀಗೆ ಕಲ್ಪನೆ ಇಂಗ್ಲಿಷರದು, ಹುಲ್ಲು ನಮ್ಮದು, ದುಡಿಮೆಯೂ ನಮ್ಮವರದು.

ನೀರಿನ ಅಂಕೆ ಇರುವವರೆಗೆ ಈ ಏರ್ಪಾಡು ಮಿತಿಮೀರುವಂತಿರಲಿಲ್ಲ. ಕೆರೆಯಿಂದ ಹೊತ್ತು ತರಬೇಕು, ಇಲ್ಲವೆ ಬಾವಿಯಿಂದ ಸೇದಬೇಕು. ಒಂದೊಂದು ಕೊಡಕ್ಕೂ ಒಬ್ಬರ ತೋಳಿನ ಬೆಲೆಯಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಹರಿಯಿತು. 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ ಮಲ್ಲೇಶ್ವರಗಳಲ್ಲಿ, ದಂಡಿನ ಬಂಗಲೆಗಳಷ್ಟು ವಿಸ್ತಾರವಾಗಿ ಅಲ್ಲದಿದ್ದರೂ, ಮನೆಯ ಸುತ್ತ ತೋಟವೆಂಬ ಆಸೆ ಚಿಗುರಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ, 1974ರಲ್ಲಿ ಕಾವೇರಿ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿಬರುವ ಈ ನೀರು ತಿರುಪನ್ನು ತಿರುಗಿಸಿದವನಿಗೆ ತನ್ನ ಪ್ರಯಾಣದ ಕಥೆಯನ್ನು ಹೇಳುವುದಿಲ್ಲ. ನೂರು ಚದರ ಮೀಟರ್ ಹುಲ್ಲಿನ ಮೇಲೆ ಒಂದು ಅಂಗುಲ ನೀರು ನಿಲ್ಲಿಸಬೇಕಾದರೆ ಎರಡೂವರೆ ಸಾವಿರ ಲೀಟರು ಬೇಕು. ಕೊಡದಲ್ಲಿ ಹೊತ್ತಿದ್ದರೆ ಈ ಲೆಕ್ಕ ಸೊಂಟಕ್ಕೆ ತಿಳಿಯುತ್ತಿತ್ತು. ರಬ್ಬರು ಕೊಳವೆಗೆ ತಿಳಿಯದು.

ಲೆಕ್ಕ ತಿಳಿಯುವ ದಿನ 2024ರಲ್ಲಿ ಬಂದಿತು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿದವು. ಮಾರ್ಚಿಯಲ್ಲಿ ಜಲಮಂಡಲಿಯವರು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದೂ, ತಪ್ಪಿದವರಿಗೆ 5,000 ರೂಪಾಯಿ ದಂಡವೆಂದೂ ಆಜ್ಞೆ ಹೊರಡಿಸಿದರು. ಕುಡಿಯುವ ಬಿಂದಿಗೆಗೂ ಅಂಗಳದ ಹುಲ್ಲಿಗೂ ನಡುವೆ ಆಯ್ಕೆ ಬಂದಾಗ ತೀರ್ಪು ಬೇರೆಯಾಗಿರಲು ಸಾಧ್ಯವಿಲ್ಲ.

ಹಾಗಾದರೆ ಹುಲ್ಲುಹಾಸು ನಮಗೆ ಬೇಡವೆ? ಈ ಜಗಳದಲ್ಲಿ ಗರಿಕೆಯದೇನೂ ತಪ್ಪಿಲ್ಲ. ನೀರಿಲ್ಲದಾಗ ಅದು ಸಾಯುವುದಿಲ್ಲ, ನಿದ್ರೆಹೋಗುತ್ತದೆ. ಎಲೆ ಕಂದಿ ನೆಲ ಹುಲ್ಲುಬಣವೆಯ ಬಣ್ಣಕ್ಕೆ ತಿರುಗಿದರೂ ಒಳಗಿನ ಕಾಂಡದಲ್ಲಿ ಜೀವವಿರುತ್ತದೆ. ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಬೇಸಗೆಯಲ್ಲಿಯೂ ಅದು ಇಂಗ್ಲೆಂಡಿನ ಹಸುರನ್ನೇ ಹೊದ್ದಿರಬೇಕೆಂಬುದು ನಮ್ಮ ಹಟ. ಗಿಡದ ಸ್ವಭಾವವನ್ನು ಬಿಟ್ಟು ಬಣ್ಣವನ್ನು ಮಾತ್ರ ಕಲಿತೆವು.

ಸ್ವಭಾವವನ್ನು ಅರಿತವರಿಗೆ ಅದರ ಆರೈಕೆ ಕಷ್ಟವಲ್ಲ. ಮುಂಗಾರಿನಲ್ಲಿ ನೆಡಬೇಕು. ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಬಿಸಿಲಿಗೆ ಸೋಲುತ್ತದೆ. ವಾರಕ್ಕೊಮ್ಮೆ ಬೆಳಗಿನ ಹೊತ್ತು ಗೇಣುದ್ದ ನೆನೆಯುವಂತೆ ಕೊಟ್ಟರೆ ಬೇರು ನೀರನ್ನರಸಿ ಕೆಳಕ್ಕಿಳಿಯುತ್ತದೆ. ಬೇಸಗೆಯಲ್ಲಿ ಬೋಳಿಸದೆ ಎರಡಂಗುಲ ಬಿಟ್ಟು ಕತ್ತರಿಸಿ, ಕತ್ತರಿಸಿದ್ದನ್ನು ಅಲ್ಲಿಯೇ ಬಿಟ್ಟರೆ ನೆಲಕ್ಕೆ ನೆರಳೂ ಗೊಬ್ಬರವೂ ಆಗುತ್ತದೆ. ಮರದಡಿಯ ನೆರಳಿನಲ್ಲಿ ಗರಿಕೆ ಬಾರದು; ಅಲ್ಲಿ ಅದರೊಡನೆ ಹೋರಾಡುವುದು ವ್ಯರ್ಥ. ಕಬ್ಬನ್ ಪಾರ್ಕು, ಲಾಲ್‌ಬಾಗ್‌ಗಳಂಥ ತೋಟಗಳಿಗೇ ಶುದ್ಧೀಕರಿಸಿದ ಕೊಳಚೆ ನೀರು ಆಗಬಹುದಾದರೆ, ಅಂಗಳದ ಹುಲ್ಲಿಗೆ ಅಕ್ಕಿ ತರಕಾರಿ ತೊಳೆದ ನೀರು ಅವಮಾನವಲ್ಲ.

ಫಾಲ್ಗುಣ ಚೈತ್ರಗಳಲ್ಲಿ ಅಂಗಳ ಕಂದಿದ್ದರೆ ನೆರೆಯವರೇನು ಅಂದಾರೆಂದು ಅಂಜಬೇಕಾಗಿಲ್ಲ. ಗಣೇಶನಿಗೆ ಇಪ್ಪತ್ತೊಂದು ಗರಿಕೆ ಬೇಕಾಗುವುದು ಭಾದ್ರಪದದಲ್ಲಿ. ಆ ಹೊತ್ತಿಗೆ ಮಳೆ ತನ್ನ ಕೆಲಸವನ್ನು ಮಾಡಿ ಮುಗಿಸಿರುತ್ತದೆ.