ಬಣ್ಣಕ್ಕೆ ಮೊದಲಿನ ಕೆಲಸ: ಕುಂದಾಪುರ ಕರಾವಳಿಯಲ್ಲಿ ದೋಣಿಯ ಅಡಿಮೈ ಕೆರೆಯುವ ಕಸುಬಿನ ಇತಿಹಾಸ

ಬಸರೂರಿನ ಅಕ್ಕಿ ವ್ಯಾಪಾರ, ಬಾರಕೂರಿನ ಆಳುಪರ ಆಳ್ವಿಕೆ, ಗಂಗೊಳ್ಳಿಯ ಬಂದರು ಮುಂತಾದ ವಿಷಯಗಳು ಕುಂದಾಪುರ ಸೀಮೆಯ ಇತಿಹಾಸ ಬರಹಗಳಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿವೆ. ಆದರೆ ಆ ವ್ಯಾಪಾರವನ್ನು ಹೊತ್ತ ಹಡಗುಗಳ ಮತ್ತು ಆ ಊರುಗಳ ಹೊಟ್ಟೆ ಹೊರೆದ ಮೀನುದೋಣಿಗಳ ಅಡಿಮೈಯನ್ನು, ಎಂದರೆ ನೀರಿನೊಳಗೆ ಮುಳುಗಿರುವ ಭಾಗವನ್ನು, ವರ್ಷವರ್ಷವೂ ಕೆರೆದು, ತೊಳೆದು, ಒಣಗಿಸಿ, ಎಣ್ಣೆಯೋ ಬಣ್ಣವೋ ಹಚ್ಚಿ ಮರಳಿ ನೀರಿಗಿಳಿಸುತ್ತಿದ್ದ ದುಡಿಮೆಗೆ ಆ ಬರಹಗಳಲ್ಲಿ ದೊರೆತ ಜಾಗ ತೀರ ಕಡಿಮೆ. ದೋಣಿಯ ಆಯುಷ್ಯವನ್ನು ನಿರ್ಧರಿಸುವಲ್ಲಿ ಅದನ್ನು ಕಟ್ಟಿದ ಆಚಾರಿಯ ಕೈಚಳಕದಷ್ಟೇ ಪಾಲು ಈ ದುಡಿಮೆಗೂ ಇತ್ತು ಎಂಬುದನ್ನು ನೆನೆದರೆ, ಈ ಮರೆವನ್ನು ಸಣ್ಣ ಕೊರತೆ ಎನ್ನಲಾಗದು.

ಈ ಕರಾವಳಿಯ ನೌಕಾ ವ್ಯವಹಾರ ಬಹಳ ಹಳೆಯದು. 14ನೇ ಶತಮಾನದಲ್ಲಿ ಪಶ್ಚಿಮ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತನ ಬರಹದಲ್ಲಿ ಕಾಣುವ ಫಾಕನೂರು ಇಂದಿನ ಬ್ರಹ್ಮಾವರ ತಾಲೂಕಿನ ಬಾರಕೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಬಸರೂರು ಅಕ್ಕಿಯ ರಫ್ತಿಗೆ ಹೆಸರಾಗಿದ್ದು, 16ನೇ ಶತಮಾನದ ಉತ್ತರಾರ್ಧದಲ್ಲಿ ಅವರು ಅಲ್ಲಿ ನೆಲೆಯೂರಲು ಅದೇ ಕಾರಣವಾಯಿತು. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಈ ಪಟ್ಟಣವನ್ನು ಸೂರೆಗೊಂಡದ್ದೂ ಅದರ ಸಂಪತ್ತಿನ ಕಾರಣಕ್ಕೇ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುವ ಅಳಿವೆಯೂ, ಸೀತಾ ಮತ್ತು ಸ್ವರ್ಣಾ ನದಿಗಳು ಕಡಲಿಗೆ ಬೀಳುವೆಡೆಯ ಹಂಗಾರಕಟ್ಟೆಯೂ ಹಾಯಿಯ ಸರಕುದೋಣಿಗಳಾದ ಮಂಜಿಗಳಿಗೆ ಆಸರೆಯಾಗಿದ್ದವು. ಅಕ್ಕಿ ಹೊತ್ತ ಮಂಜಿಯಾಗಲಿ, ಬೈಗೆ ಮೀನು ಹೊತ್ತ ದೋಣಿಯಾಗಲಿ, ತಿಂಗಳುಗಟ್ಟಲೆ ನೀರಿನಲ್ಲಿದ್ದರೆ ಅದರ ಮೈಗೆ ಆಗುವುದು ಒಂದೇ.

ಉಪ್ಪುನೀರಿಗಿಳಿದ ಮರದ ಮೇಲೆ ಮೊದಲು ಸೂಕ್ಷ್ಮಜೀವಿಗಳ ಲೋಳೆಯ ಪದರ ಕಟ್ಟುತ್ತದೆ, ಅದರ ಮೇಲೆ ಪಾಚಿ ಹಬ್ಬುತ್ತದೆ, ಬಳಿಕ ಬಾರ್ನಕಲ್‌ಗಳು ಬಂದು ನೆಲೆಸುತ್ತವೆ. ಬಾರ್ನಕಲ್ ಎಂಬುದು ಸೀಗಡಿ, ಏಡಿಗಳ ದೂರದ ಬಂಧುವಾದ ಸುಣ್ಣದ ಕವಚದ ಜೀವಿ. ಮರಿಯಾಗಿದ್ದಾಗ ಈಜುತ್ತಾ ಬಂದು, ಹಿಡಿಸಿದ ಜಾಗವನ್ನು ಆರಿಸಿ, ನೀರಿನೊಳಗೂ ಗಟ್ಟಿಯಾಗುವ ಪ್ರೋಟೀನಿನ ಅಂಟನ್ನು ಸ್ರವಿಸಿ ತಲೆಯ ಕಡೆಯಿಂದ ಅಂಟಿಕೊಂಡರೆ ಬದುಕಿರುವಷ್ಟು ಕಾಲ ಅಲ್ಲಿಂದ ಕದಲುವುದಿಲ್ಲ. ಹೀಗೆ ಒರಟಾದ ದೋಣಿ ನೀರನ್ನು ಸೀಳಿ ಹೋಗಲಾರದೆ ಹುಟ್ಟು ಹಾಕುವವರ ತೋಳನ್ನು ಸೋಲಿಸುತ್ತದೆ, ಹಾಯಿ ಹಿಡಿದ ಗಾಳಿಯನ್ನು ವ್ಯರ್ಥಮಾಡುತ್ತದೆ. ಇದಕ್ಕಿಂತ ಅಪಾಯಕಾರಿಯಾದುದು ಹಡಗುಹುಳು ಅಥವಾ ಟೆರೆಡೊ. ಹೆಸರಿಗೆ ಹುಳುವಾದರೂ ಇದು ಚಿಪ್ಪುಮೀನಿನ ಜಾತಿಗೆ ಸೇರಿದ್ದು. ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ಹಲಗೆಯನ್ನು ಹೊಕ್ಕು, ಒಳಗೆ ಬೆಳೆಯುತ್ತಾ ಮರವನ್ನೇ ತಿಂದು ಸುರಂಗ ಕೊರೆಯುವುದರಿಂದ ಹೊರಗೆ ನುಣುಪಾಗಿ ಕಾಣುವ ಹಲಗೆ ಒಳಗೆ ಪೂರ್ತಿ ಟೊಳ್ಳಾಗಿರಬಹುದು. ಆದ್ದರಿಂದಲೇ ಅಡಿಮೈಯ ಪರೀಕ್ಷೆಗೆ ಕಣ್ಣು ಸಾಲದೆ, ಹಲಗೆಯನ್ನು ಬಡಿದು ಅದರ ದನಿಯನ್ನು ಕೇಳಬೇಕಾಗುತ್ತಿತ್ತು.

ಈ ಎರಡೂ ಜೀವಿಗಳಿಗೆ ಸಿಹಿನೀರು ಆಗಿಬರುವುದಿಲ್ಲ. ಜೂನ್ ತಿಂಗಳಲ್ಲಿ ಘಟ್ಟದ ಮಳೆ ಇಳಿದು ಪಂಚಗಂಗಾವಳಿ ಕೆಂಪಾಗಿ ಹರಿಯತೊಡಗಿದಾಗ ಅಳಿವೆಯ ಉಪ್ಪು ತಗ್ಗುವುದರಿಂದ ಒಳನದಿಯಲ್ಲಿ ಕಟ್ಟಿದ ದೋಣಿಗೆ ಹತ್ತಿದ ಬಾರ್ನಕಲ್ ಸಾಯುತ್ತದೆ, ಹಡಗುಹುಳುವೂ ಬಹುಕಾಲ ತಾಳಲಾರದು. ಅದೇ ಹೊತ್ತಿಗೆ ಕಡಲು ಮುನಿದು ಮೀನುಗಾರಿಕೆ ನಿಲ್ಲುತ್ತದೆ. ಹೀಗಾಗಿ ದೋಣಿಗಳನ್ನು ದಡಕ್ಕೇರಿಸಿ, ಮಡಲಿನ ಚಪ್ಪರದಡಿ ಇರಿಸಿ, ರಿಪೇರಿ ಮಾಡಿ, ಶ್ರಾವಣದ ನೂಲಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮುಗಿಸಿ ನೀರಿಗಿಳಿಸುವ ವಾರ್ಷಿಕ ಕ್ರಮವೊಂದು ಮೊಗವೀರರ ಮತ್ತು ಖಾರ್ವಿಗಳ ಕೇರಿಗಳಲ್ಲಿ ನೆಲೆಗೊಂಡಿತು. ಇಂದು ಪಶ್ಚಿಮ ಕರಾವಳಿಯ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ನಿಷೇಧವನ್ನು ಮೀನಿನ ಸಂತಾನದ ರಕ್ಷಣೆಗಾಗಿ ಹೇರಲಾಗಿದೆಯಾದರೂ, ಅದು ಹಳೆಯ ದುರಸ್ತಿ ಋತುವಿನೊಂದಿಗೇ ಹೊಂದಿಕೊಂಡಿದೆ.

ಕೆರೆಯುವ ಕೆಲಸ ಮೇಲ್ನೋಟಕ್ಕೆ ಬರಿಯ ತೋಳ್ಬಲದ್ದೆಂದು ತೋರುತ್ತದೆ. ಅದರಲ್ಲಿ ತಿಳಿವಳಿಕೆಯೇ ಹೆಚ್ಚು. ದೋಣಿ ನೀರಿನಿಂದ ಮೇಲೆ ಬಂದ ಕೂಡಲೆ, ಮೈ ಹಸಿಯಾಗಿರುವಾಗಲೇ ಚಿಪ್ಪುಗಳನ್ನು ಎಬ್ಬಿಸಬೇಕು, ಏಕೆಂದರೆ ಬಿಸಿಲಿಗೆ ಒಣಗಿದರೆ ಅವು ಇನ್ನಷ್ಟು ಬಿಗಿಯುತ್ತವೆ. ಕಬ್ಬಿಣದ ಉಳಿಯನ್ನು ನೆಟ್ಟಗೆ ಹಿಡಿದರೆ ಹಲಗೆಗೆ ಗಾಯವಾಗಿ ಹಡಗುಹುಳುವಿಗೆ ದಾರಿಯಾಗುತ್ತದೆ. ಓರೆಯಾಗಿ ಹಿಡಿದು ತಳ್ಳಬೇಕು. ಚಿಪ್ಪು ಕಳಚಿ ಬಿದ್ದ ಮೇಲೂ ಅದರ ತಳದ ಸುಣ್ಣದ ಬಿಲ್ಲೆ ಮರದ ಮೇಲೆ ಬಿಳಿಯ ಉಂಗುರವಾಗಿ ಉಳಿದುಬಿಡುತ್ತದೆ. ಎಷ್ಟೇ ಒಳ್ಳೆಯ ಎಣ್ಣೆ ಅಥವಾ ಬಣ್ಣವನ್ನು ಹಚ್ಚಿದರೂ ಆ ಉಂಗುರದ ಮೇಲೆ ಅದು ನಿಲ್ಲದೆ ಕೆಲವೇ ತಿಂಗಳಲ್ಲಿ ಪದರ ಏಳುತ್ತದೆ. ಆದ್ದರಿಂದ ಪ್ರತಿಯೊಂದು ಉಂಗುರವನ್ನೂ ಬೇರೆಬೇರೆಯಾಗಿ ಉಜ್ಜಿ ತೆಗೆದು, ಅಂಗೈಯನ್ನು ಹಲಗೆಯ ಮೇಲೆ ಸವರಿ ನುಣುಪನ್ನು ಖಚಿತಪಡಿಸಿಕೊಳ್ಳಬೇಕು. ಬಳಿಕ ಸಿಹಿನೀರಿನ ತೊಳೆತ ಬೇಕೇಬೇಕು, ಏಕೆಂದರೆ ಪದರದಡಿ ಉಳಿದ ಉಪ್ಪು ತೇವವನ್ನು ಸೆಳೆದು ಗುಳ್ಳೆ ಎಬ್ಬಿಸುತ್ತದೆ.

ಶುದ್ಧವಾದ ಮೈಗೆ ಹಚ್ಚುವ ಲೇಪಗಳಲ್ಲಿ ಮೀನೆಣ್ಣೆ ಮುಖ್ಯವಾದುದು. ಬೈಗೆ ಅಥವಾ ಬೂತಾಯಿ ಎಂಬ ಮೀನಿನ ಎಣ್ಣೆಗೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ನಿಧಾನವಾಗಿ ಗಟ್ಟಿಯಾಗುವ ಗುಣವಿರುವುದರಿಂದ ಅದು ಹಲಗೆಯ ಎಳೆಗಳೊಳಗೆ ಇಳಿದು ಹೊರಗೆ ತೆಳುವಾದ ಪೊರೆಯಾಗುತ್ತದೆ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ 20ನೇ ಶತಮಾನದ ಆರಂಭದಲ್ಲಿ ಮೀನುಗಾರಿಕೆ ಇಲಾಖೆಯನ್ನು ಕಟ್ಟಿದ ಫ್ರೆಡರಿಕ್ ನಿಕೊಲ್ಸನ್ ಈ ಎಣ್ಣೆ ತೆಗೆಯುವ ಕ್ರಮವನ್ನು ಸುಧಾರಿಸಲು ವಿಶೇಷವಾಗಿ ಶ್ರಮಿಸಿದರು. ಘಟ್ಟದ ಧೂಪದ ಮರದ ರಾಳ, ಕಡಲಂಚಿನ ಹೊನ್ನೆ ಮರದ ಬೀಜದ ಎಣ್ಣೆ, ಪೋರ್ಚುಗೀಸರ ಮೂಲಕ ಈ ನೆಲಕ್ಕೆ ಬಂದ ಗೇರಿನ ಬೀಜದ ಸಿಪ್ಪೆಯಿಂದ ಇಳಿಸಿದ ಮೈಸುಡುವ ಕಪ್ಪೆಣ್ಣೆ, ಇವೂ ಪಶ್ಚಿಮ ಕರಾವಳಿಯ ದೋಣಿಗಳ ಲೇಪಗಳಾಗಿದ್ದವು. ಅರಬ್ಬೀ ಸಮುದ್ರದ ಆಚೆ ದಡದಲ್ಲಿ ಸುಣ್ಣಕ್ಕೆ ಪ್ರಾಣಿಯ ಕೊಬ್ಬನ್ನು ಬೆರೆಸಿ ನೀರಡಿಗೆ ಬಳಿಯುತ್ತಿದ್ದರು. ಹೊರ್ಮುಜಿನ ಹಡಗುಗಳಿಗೆ ಮೀನೆಣ್ಣೆ ಹಚ್ಚುತ್ತಿದ್ದುದನ್ನು 13ನೇ ಶತಮಾನದ ಕೊನೆಯಲ್ಲಿಯೇ ಮಾರ್ಕೊ ಪೋಲೊ ಗಮನಿಸಿದ್ದಾನೆ.

ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ಅಡಿಗೆ ತಾಮ್ರದ ತಗಡು ಹೊದಿಸಿ, 1780ರ ದಶಕದ ಹೊತ್ತಿಗೆ ಇಡೀ ಪಡೆಗೆ ಅದನ್ನು ವಿಸ್ತರಿಸಿತು. ತಾಮ್ರ ಜೀವಿಗಳಿಗೆ ವಿಷವಾದ್ದರಿಂದ ಕೆರೆಯುವ ಕೆಲಸ ಬಹುಮಟ್ಟಿಗೆ ತಪ್ಪಿತಾದರೂ ಸಾಮಾನ್ಯ ಮೀನುಗಾರನಿಗೆ ಆ ತಗಡು ಎಟುಕುವಂಥದಾಗಿರಲಿಲ್ಲ. ಅವನ ಪಾಲಿಗೆ ಉಳಿದದ್ದು ಉಳಿ ಮತ್ತು ಎಣ್ಣೆಯೇ. ದಡದಿಂದ ಎಳೆಯುವ ಬೃಹತ್ ಬಲೆಯಾದ ರಂಪಣಿಯ ದೋಣಿಗಳೂ ಇದೇ ಆರೈಕೆಯಲ್ಲಿ ಬಾಳಿದವು. 1970ರ ದಶಕದ ನಡುವೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದು ರಂಪಣಿ ಹಿಂದೆ ಸರಿದಾಗ ಈ ಕಸುಬಿನ ಒಂದು ಭಾಗವೂ ಅದರೊಂದಿಗೇ ಹೋಯಿತು. ಮರದ ಮೇಲೆ ಫೈಬರ್ ಹೊದಿಕೆ, ಬಳಿಕ ಪೂರ್ತಿ ಫೈಬರಿನ ದೋಣಿ ಬಂದದ್ದರಿಂದ ಹಡಗುಹುಳುವಿನ ಕಾಟ ತೀರಿತು. ಬಾರ್ನಕಲ್ ಮಾತ್ರ ಫೈಬರಿಗೂ ಉಕ್ಕಿಗೂ ಹಾಗೆಯೇ ಅಂಟುತ್ತದೆ. ಅದನ್ನು ತಡೆಯಲು ಜಗತ್ತಿನೆಲ್ಲೆಡೆ ಬಳಕೆಗೆ ಬಂದ ತವರದ ಸಂಯುಕ್ತವುಳ್ಳ ಬಣ್ಣ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿ ಕೃಷಿಯನ್ನು ಹಾಳುಗೆಡವಿದ್ದರಿಂದ 1982ರಲ್ಲಿ ಅಲ್ಲಿ ಸಣ್ಣ ದೋಣಿಗಳಿಗೆ ಅದು ನಿಷಿದ್ಧವಾಯಿತು. 2001ರ ಅಂತಾರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದು ಆ ಬಣ್ಣವನ್ನು ಕೊನೆಗಾಣಿಸಿತು. ಅಳಿವೆಯಲ್ಲಿ ಚಿಪ್ಪು ಹೆಕ್ಕಿ ಬದುಕುವ ಕುಟುಂಬಗಳಿರುವ ಗಂಗೊಳ್ಳಿಯಂಥ ಊರಿಗೆ ಇದು ದೂರದ ಸುದ್ದಿಯಲ್ಲ.

ಇದೇ ಸೀಮೆಯಲ್ಲಿ ಈಗ ಇನ್ನೊಂದು ಮೈಯನ್ನು ಶುದ್ಧಗೊಳಿಸುವ ಕೆಲಸ ನಡೆಯುತ್ತಿದೆ, ಅದು ಕಾರಿನದು. ಕಾರ್ಖಾನೆಯಿಂದ ರೈಲಿನಲ್ಲೋ ಟ್ರೈಲರಿನಲ್ಲೋ ಬರುವ ಹೊಸ ಕಾರಿನ ಬಣ್ಣದ ಮೇಲೆ ಗಾಲಿ, ಹಳಿ, ಬ್ರೇಕುಗಳ ತಿಕ್ಕಾಟದಿಂದ ಸಿಡಿದ ಕಬ್ಬಿಣದ ಕಣಗಳು ಕೂತು, ಮೇಲಿನ ಪಾರದರ್ಶಕ ಪದರದಲ್ಲಿ ನೆಟ್ಟು, ಉಪ್ಪುಗಾಳಿಗೆ ತುಕ್ಕು ಹಿಡಿದು ಕಿತ್ತಳೆ ಬಣ್ಣದ ಚುಕ್ಕೆಗಳಾಗುತ್ತವೆ. ಅವು ಸೋಪಿನ ನೀರಿಗೆ ಹೋಗುವುದಿಲ್ಲ. ಕಬ್ಬಿಣದೊಂದಿಗೆ ವರ್ತಿಸಿ ನೇರಳೆ ಬಣ್ಣಕ್ಕೆ ತಿರುಗುವ ದ್ರಾವಣದಿಂದ ಅವನ್ನು ಕರಗಿಸಿ, ಬಳಿಕ 1980ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಸಂಶ್ಲೇಷಿತ ಜೇಡಿಯನ್ನು ನೊರೆನೀರಿನ ಮೇಲೆ ಹಗುರವಾಗಿ ಜಾರಿಸಿ ಉಳಿದವನ್ನು ಎಳೆದು ತೆಗೆಯುತ್ತಾರೆ. ಆ ಪಾರದರ್ಶಕ ಪದರದ ದಪ್ಪ ಸಾಮಾನ್ಯವಾಗಿ 50 ಮೈಕ್ರಾನಿನ ಆಸುಪಾಸು, ಎಂದರೆ ತಲೆಗೂದಲಿಗಿಂತ ತೆಳು. ಇಲ್ಲಿಯೂ ಒತ್ತಿ ಉಜ್ಜಿದರೆ ಗೀರು ಬೀಳುತ್ತದೆ, ಕೊಳೆಯ ಮೇಲೆಯೇ ಮೇಣ ಹಚ್ಚಿದರೆ ಅದು ನಿಲ್ಲುವುದಿಲ್ಲ, ಕೊನೆಯ ಪರೀಕ್ಷೆಯನ್ನು ಬೆರಳತುದಿಯೇ ಮಾಡುತ್ತದೆ. ವಾಹನದ ವಿಷಯದಲ್ಲಿ ಹೊಸ ವಿದ್ಯೆಯೆಂದು ಕಲಿಸಲಾಗುತ್ತಿರುವ ಕ್ರಮದ ಮೂಲ ನಿಯಮಗಳು ಈ ಕರಾವಳಿಯ ದೋಣಿಕೇರಿಗಳಿಗೆ ಮೊದಲಿನಿಂದಲೂ ಗೊತ್ತಿದ್ದವು.

ಹಂಗಾರಕಟ್ಟೆಯಲ್ಲಿ ಇಂದು ಉಕ್ಕಿನ ನೌಕೆಗಳ ಕೆಲಸ ನಡೆಯುತ್ತಿದೆ. ಅಲ್ಲಿ ಟೆಬ್ಮಾ ಹೆಸರಿನಲ್ಲಿದ್ದ ನೌಕಾಂಗಣ 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನ ಕೈಸೇರಿ ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎನಿಸಿಕೊಂಡಿದೆ. ಮರದ ದೋಣಿಯನ್ನು ಕೆರೆದು ಎಣ್ಣೆ ಹಚ್ಚಿ ಬಲ್ಲವರು ಗಂಗೊಳ್ಳಿ, ಕೋಡಿ, ಉಪ್ಪುಂದ, ಶಿರೂರುಗಳ ಕೇರಿಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಬಳಸಿದ ಉಳಿಗಳ ಆಕಾರ, ಎಣ್ಣೆ ಮತ್ತು ರಾಳಗಳನ್ನು ಬೆರೆಸುತ್ತಿದ್ದ ಪ್ರಮಾಣ, ಯಾವ ಮರಕ್ಕೆ ಯಾವ ಲೇಪ ಎಂಬ ವಿವೇಚನೆ, ಇವನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸವನ್ನು ಈ ಸೀಮೆಯ ಕಾಲೇಜುಗಳ ಇತಿಹಾಸ ವಿಭಾಗಗಳು ತಡಮಾಡದೆ ಕೈಗೆತ್ತಿಕೊಳ್ಳಬೇಕು.